ಗೋಡೆಯ ಅಕ್ಷರ ಫಾಂಟ್ ಆಗುವಾಗ ಕೈಗೆ ಉಳಿಯುವ ಕೆಲಸ

ಪ್ರಶ್ನೆ: ಬೆಂಗಳೂರಿನ ಶ್ರೀನಗರದಲ್ಲಿ ಅಂಗಡಿ ಬೋರ್ಡು, ಗೋಡೆಬರಹ ಬರೆಯುವ ಕೆಲಸ ನನ್ನದು. ಕಲಿತದ್ದು ಅಪ್ಪನಿಂದ. ಈಗೀಗ ಗಿರಾಕಿಗಳು ಎಐ ಮಾಡಿಕೊಟ್ಟ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ "ಹೀಗೇ ಬರೀರಿ" ಅನ್ನುತ್ತಾರೆ. ನೋಡಿದರೆ ಅದರಲ್ಲಿ ಕನ್ನಡವೇ ತಪ್ಪಿರುತ್ತದೆ. ನನ್ನ ಅಕ್ಷರವನ್ನು ಫಾಂಟ್ ಮಾಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಮಾಡಿದರೆ ನನ್ನ ಕೈಗೆ ಕೆಲಸ ಉಳಿಯುತ್ತದೆಯೇ? ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು? ನಾಲ್ಕು ಅಕ್ಷರ ತೋರಿಸಿದರೆ ಉಳಿದದ್ದನ್ನು ಎಐಯೇ ಬರೆದುಬಿಡುವುದಿಲ್ಲವೇ?

ಉತ್ತರ: ಮಗಳ ಮಾತು ಕೇಳಿ, ಮಾಡಿ. ಆದರೆ ಫಾಂಟ್ ಎಂದರೆ ನಿಮ್ಮ ಅಕ್ಷರಗಳ ಫೋಟೋಗಳನ್ನು ಒಂದೆಡೆ ಕಟ್ಟಿಡುವುದು ಎಂದುಕೊಂಡು ಹೊರಟರೆ ಅರ್ಧ ದಾರಿಯಲ್ಲಿ ಬೇಸರವಾಗಿ ಕೈಬಿಡುತ್ತೀರಿ. ಬರೆಯುವಾಗ ನೀವು ಬಾಯಿಬಿಟ್ಟು ಹೇಳದೆ ತೆಗೆದುಕೊಳ್ಳುವ ತೀರ್ಮಾನಗಳನ್ನೆಲ್ಲ ಮುಂಚಿತವಾಗಿ ಯಂತ್ರಕ್ಕೆ ಹೇಳಿಡುವ ಕೆಲಸ ಅದು.

ಆರಡಿ ಬೋರ್ಡಿನ ಮೇಲೆ "ಮಲ್ಲೇಶ್ವರಂ" ಎಂದು ಬರೆಯುವಾಗ ನಿಮ್ಮ ಕೈ ಏನು ಮಾಡುತ್ತದೆ ನೋಡಿ. ಲ ಕೆಳಗಿನ ಒತ್ತು, ಶ ಕೆಳಗಿನ ವ ಒತ್ತು ಅಕ್ಕಪಕ್ಕ ಬೀಳುತ್ತವೆ. ಒಂದನ್ನು ಸ್ವಲ್ಪ ಎಡಕ್ಕೆ ಎಳೆಯುತ್ತೀರಿ, ಇನ್ನೊಂದನ್ನು ಕುಗ್ಗಿಸುತ್ತೀರಿ. ಲ್ಲೇ ಅಕ್ಷರದ ದೀರ್ಘವನ್ನು ಶ ತಲೆಕಟ್ಟಿಗೆ ತಾಗದಷ್ಟು ಮೊಟಕು ಮಾಡುತ್ತೀರಿ. ಕೊನೆಗೆ ಜಾಗ ಉಳಿದರೆ ಸೊನ್ನೆಯನ್ನು ತುಸು ದುಂಡಗೆ ಹಿಗ್ಗಿಸುತ್ತೀರಿ. ಫಾಂಟಿಗೆ ಇದಾವುದೂ ಗೊತ್ತಿಲ್ಲ. ಲ ಆದ ಮೇಲೆ ಯಾವ ಅಕ್ಷರ ಬರುತ್ತದೆ, ಬೋರ್ಡು ಎಷ್ಟು ಅಗಲವಿದೆ, ನೋಡುವವರು ಬಸ್ಸಿನಲ್ಲಿರುತ್ತಾರೋ ಫುಟ್‌ಪಾತಿನ ಮೇಲಿರುತ್ತಾರೋ, ಒಂದೂ ತಿಳಿಯದು. ಹೇಳಿಕೊಟ್ಟ ನಿಯಮದಂತೆ ನಡೆಯುತ್ತದೆ, ಅಷ್ಟೆ. ಹಾಗಾಗಿ ಒಂದೇ ಸ್ವರೂಪವನ್ನು ಸಾವಿರ ಸಲ ಬರೆಯುವ ದುಡಿಮೆಯನ್ನು ಫಾಂಟ್ ನಿಮ್ಮಿಂದ ತೆಗೆದುಕೊಳ್ಳುತ್ತದೆ. ಆ ಬೋರ್ಡಿಗೆ, ಆ ಗೋಡೆಗೆ, ಆ ದೂರಕ್ಕೆ ಯಾವುದು ಒಪ್ಪುತ್ತದೆ ಎನ್ನುವ ತೀರ್ಮಾನ ನಿಮ್ಮಲ್ಲೇ ಉಳಿಯುತ್ತದೆ. ಸೃಜನಶೀಲತೆ ಎಂದು ನಾವು ಕರೆಯುವುದು ಈ ಎರಡನೆಯದನ್ನು. ಅದನ್ನು ಫಾಂಟ್ ಕಸಿಯಲಾರದು. ಮಾಡುತ್ತ ಹೋದಂತೆ ನಿಮ್ಮ ಕೈ ಏನು ಮಾಡುತ್ತಿತ್ತೆಂದು ನಿಮಗೇ ಇನ್ನೂ ಸ್ಪಷ್ಟವಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಶುರು ಮಾಡಬೇಡಿ. ಸ್ವರಗಳು ಒಂದಕ್ಕೊಂದು ಹೋಲುವುದು ಕಡಿಮೆ. ಅವುಗಳಿಂದ ಹೊರಟರೆ ಇಡೀ ಫಾಂಟಿನ ಹದ ಸಿಗುವುದಿಲ್ಲ. ರ, ಗ, ವ, ನ, ದ, ಕ, ತ, ಲ, ಬ, ಸ, ಪ, ಳ ಈ ಹನ್ನೆರಡನ್ನು ಮೊದಲು ಬರೆಯಿರಿ. ದುಂಡು ಒಡಲು, ತೆರೆದ ಬಾಯಿ, ತಲೆಕಟ್ಟು ಇರುವವು, ಇಲ್ಲದವು ಎಲ್ಲವೂ ಇವುಗಳಲ್ಲೇ ಬಂದುಬಿಡುತ್ತವೆ. ಇವು ಒಂದೇ ಮನೆಯವರಂತೆ ಕಂಡರೆ ಉಳಿದವು ತಾವಾಗಿ ಹುಟ್ಟುತ್ತವೆ. ರ ಒಡಲಲ್ಲಿ ಚುಕ್ಕೆ ಇಟ್ಟರೆ ಠ. ದ ಕೆಳಗೆ ಸೀಳಿದರೆ ಧ, ಒಳಗೆ ಚುಕ್ಕೆ ಇಟ್ಟರೆ ಥ. ಪ ಸೀಳಿದರೆ ಫ, ಒಳಗೆ ಅಡ್ಡಗೆರೆ ಎಳೆದರೆ ಷ. ಸೀಳು ಮತ್ತು ಚುಕ್ಕೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಗೆರೆಯ ದಪ್ಪದ ಮೂರನೇ ಒಂದು ಭಾಗದಷ್ಟಾದರೂ ಬಯಲು ಇರಲೇಬೇಕು. ಇಲ್ಲದಿದ್ದರೆ ಚಿಕ್ಕದಾಗಿ ಅಚ್ಚು ಹಾಕಿದಾಗ, ದೊಡ್ಡದಾಗಿ ಎಲ್‌ಇಡಿ ಬೋರ್ಡಿನಲ್ಲಿ ಬೆಳಕು ಹರಡಿದಾಗ, "ಧನಲಕ್ಷ್ಮಿ" ಓದುವವರಿಗೆ "ದನಲಕ್ಷ್ಮಿ" ಆಗುತ್ತಾಳೆ.

ವ ಮತ್ತು ಮ ಜೋಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕನ್ನಡ ಫಾಂಟಿನ ಕಷ್ಟವೆಲ್ಲ ಇದೊಂದರಲ್ಲಿ ಅಡಗಿದೆ. ಕು, ತು, ನು ಬರೆಯುವಾಗ ಕೊಂಬು ಬಲಗಡೆ ಒಡಲಿನ ಮಟ್ಟದಲ್ಲೇ ಅಂಟುತ್ತದೆ. ವ ಅಕ್ಷರಕ್ಕೂ ಕೊಂಬನ್ನು ಹಾಗೇ ಅಂಟಿಸಿದರೆ ಅದು ಮ ಆಗಿಬಿಡುತ್ತದೆ. ಅದಕ್ಕೇ ವು, ಪು, ಫು ಬರೆಯುವಾಗ ಕೊಂಬು ಕೆಳಗಿಳಿಯುತ್ತದೆ. ಬೋರ್ಡು ಬರೆಯುವ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ, ಕೈಗೇ ಗೊತ್ತು. ಫಾಂಟಿಗೆ ಮಾತ್ರ ಎರಡು ಬಗೆಯ ಕೊಂಬು ಬರೆದುಕೊಟ್ಟು, ಈ ಮೂರು ಅಕ್ಷರ ಬಂದಾಗ ಎರಡನೆಯದನ್ನು ಹಾಕು ಎಂಬ ನಿಯಮವನ್ನೂ ಕೊಡಬೇಕು. ಇನ್ನು ಮಿ, ಮೆ ಬರೆಯುವಾಗ ಗುಡಿಸು, ಏತ್ವಗಳು ಮ ಅಕ್ಷರದ ಎಡಭಾಗದ ಮೇಲೆ ಕೂರುತ್ತವೆ, ಬಲಗಡೆಯ ಬಾಲ ಹಾಗೇ ಉಳಿಯುತ್ತದೆ. ಯ ಮತ್ತು ಝ ಕೂಡ ಹೀಗೇ. ಯೂನಿಕೋಡಿಗೆ ಮುಂಚಿನ ಹಳೆಯ ಆಸ್ಕಿ ಫಾಂಟುಗಳಲ್ಲಿ ಉಳಿಸಿಡುತ್ತಿದ್ದುದು ಅಕ್ಷರವನ್ನಲ್ಲ, ಆಕಾರದ ತುಂಡುಗಳನ್ನು. ಮಿ ಎಂದರೆ ವಿ ಪಕ್ಕದಲ್ಲಿ ಒಂದು ಕೊಂಬು, ಅಷ್ಟೆ. ಆ ಬರಹವನ್ನು ಪ್ರತಿ ಅಕ್ಷರಕ್ಕೂ ಸಂಕೇತವಿರುವ ಯೂನಿಕೋಡಿಗೆ ಬದಲಿಸುವಾಗ ಎಚ್ಚರ ತಪ್ಪಿದ್ದರಿಂದಲೇ "ಸಮಿತಿ" ಇರಬೇಕಾದಲ್ಲಿ "ಸವಿುತಿ" ಎಂದು ಅಂತರಜಾಲದಲ್ಲಿ ಇಂದಿಗೂ ಕಾಣುತ್ತದೆ. ಕಣ್ಣಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಫಾಂಟ್ ಯೂನಿಕೋಡಿನದೇ ಆಗಿರಲಿ ಎಂದು ಒತ್ತಿ ಹೇಳಲು ಇದೊಂದು ಕಾರಣ ಸಾಕು.

ಒಟ್ಟು ಎಷ್ಟು ಆಕಾರ ಬರೆಯಬೇಕು? ವ್ಯಂಜನ 34. ಪ್ರತಿಯೊಂದಕ್ಕೂ ಮೂಲರೂಪ, ಇಳಿ ಹಾಕಿದ್ದು, ಗುಡಿಸು ಹಾಕಿದ್ದು, ಏತ್ವ ಹಾಕಿದ್ದು, ಔತ್ವ ಹಾಕಿದ್ದು, ಅರ್ಧಾಕ್ಷರ, ಒತ್ತು ಎಂದು ಏಳು ರೂಪ ಹಿಡಿದರೆ 238. ಇದರ ಮೇಲೆ ಸ್ವರಗಳು, ಕ್ಷ ಮತ್ತು ಜ್ಞ ಹಾಗೂ ಅವುಗಳ ಕಾಗುಣಿತ, ಅಂಕಿಗಳು, ಬಿಡಿ ಕೊಂಬು, ವಟ್ರಸುಳಿ, ದೀರ್ಘ, ಐತ್ವದ ಕೆಳಚಿಹ್ನೆ, ಅರ್ಕಾವೊತ್ತು, ಇಕ್ಕಟ್ಟಾದಾಗ ಬಳಸುವ ಕಿರಿದಾದ ಒತ್ತುಗಳು, ವಿರಾಮಚಿಹ್ನೆ. 350 ದಾಟುತ್ತದೆ. ಇಂಗ್ಲಿಷ್ ಅಕ್ಷರವೂ ಬೇಕೆಂದರೆ ಇನ್ನೊಂದು ನೂರು. ಹೆದರಬೇಡಿ, ಇವನ್ನೆಲ್ಲ ಬ್ರಷ್ಷಿನಲ್ಲಿ ಬರೆಯಬೇಕಿಲ್ಲ. ತಲೆಕಟ್ಟಿಲ್ಲದ ಒಡಲನ್ನು ಒಂದು ತುಂಡಾಗಿ ಇಟ್ಟುಕೊಂಡು, ಅದರ ಮೇಲೆ ತಲೆಕಟ್ಟು, ಗುಡಿಸು, ಏತ್ವ, ಅರ್ಧಾಕ್ಷರದ ಕೊಕ್ಕೆಗಳನ್ನು ಜೋಡಿಸಿದರೆ ಬಹುಪಾಲು ಮುಗಿಯುತ್ತದೆ. ಕೀ, ಕೇ, ಕೋ ಬಗೆಯವನ್ನು ಬೇರೆ ಬರೆಯಲೇಬೇಕಿಲ್ಲ, ಹ್ರಸ್ವದ ಮುಂದೆ ದೀರ್ಘಚಿಹ್ನೆ ಬಂದರಾಯಿತು. ಆದರೆ ಎಲ್ಲವನ್ನೂ ಹೀಗೇ ಅಂಟಿಸುತ್ತ ಹೋದರೆ ಅಕ್ಷರ ಮರಗಟ್ಟುತ್ತದೆ. ತಿ, ರಿ, ಲಿ, ಳಿ, ಮಿ, ಯಿ ಇವುಗಳಲ್ಲಿ ಗುಡಿಸು ಒಡಲಿನಿಂದಲೇ ಹರಿದು ಮೇಲೇಳಬೇಕು. ಇವನ್ನು ಒಂದೊಂದಾಗಿ ಕೈಯಲ್ಲೇ ಬರೆಯಿರಿ. ಯಾವುದನ್ನು ಜೋಡಿಸಬಹುದು, ಯಾವುದನ್ನು ಬರೆಯಲೇಬೇಕು ಎಂದು ಗುರುತಿಸುವುದರಲ್ಲೇ ನಿಮ್ಮ ಅಪ್ಪ ಕಲಿಸಿದ ವಿದ್ಯೆ ಕೆಲಸಕ್ಕೆ ಬರುತ್ತದೆ.

ಬರೆಯುವ ಸಾಮಗ್ರಿ: ಬೋರ್ಡಿಗೆ ಬಳಸುವ ಎನಾಮಲ್ ಬಣ್ಣವನ್ನು ಕಾಗದದ ಮೇಲೆ ಬಳಸಬೇಡಿ. ಎಣ್ಣೆ ಕಾಗದಕ್ಕೆ ಹಬ್ಬಿ ಅಂಚು ಮಸುಕಾಗುತ್ತದೆ. ಕಪ್ಪು ಇಂಡಿಯನ್ ಇಂಕ್ ಅಥವಾ ಪೋಸ್ಟರ್ ಬಣ್ಣ ಸಾಕು. ನಯವಾದ, ಸ್ವಲ್ಪ ದಪ್ಪ ಕಾಗದದಲ್ಲಿ ಒಡಲಿನ ಎತ್ತರ 6 ಸೆಂ.ಮೀ. ಬರುವಂತೆ ಎರಡು ಗೆರೆ ಎಳೆದು, 10 ಮಿ.ಮೀ. ಅಗಲದ ಚಪ್ಪಟೆ ಬ್ರಷ್ಷಿನಲ್ಲಿ ಬರೆಯಿರಿ. ಗೆರೆಯ ದಪ್ಪ ಎತ್ತರದ ಆರನೇ ಒಂದು ಭಾಗವಾಗುತ್ತದೆ. ಬೋರ್ಡಿನ ಅಕ್ಷರಕ್ಕೆ ಇದು ಒಳ್ಳೆಯ ಹದ. ಬ್ರಷ್ಷಿನ ಕೋನ ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಒಂದೇ ಇರಲಿ. ಕೋನ ಬದಲಾದರೆ ದಪ್ಪ ಬೀಳುವ ಜಾಗವೂ ಬದಲಾಗಿ, ಎರಡು ಕೈ ಬರೆದಂತೆ ಕಾಣುತ್ತದೆ. ಒಂದೊಂದು ಅಕ್ಷರವನ್ನೂ ನಾಲ್ಕೈದು ಸಲ ಬರೆದಿಟ್ಟುಕೊಳ್ಳಿ. ಆಯ್ಕೆ ಮಾಡುವಾಗ ಬಿಡಿಯಾಗಿ ಚೆಂದ ಕಾಣುವುದನ್ನು ಆರಿಸಬೇಡಿ, ಪಕ್ಕದ ಅಕ್ಷರದ ಜೊತೆ ಹೊಂದುವುದನ್ನು ಆರಿಸಿ.

ಸ್ಕ್ಯಾನ್ 600 ಡಿಪಿಐಯಲ್ಲಿ ಮಾಡಿಸಿ. 6 ಸೆಂ.ಮೀ. ಅಕ್ಷರ ಸುಮಾರು 1,400 ಪಿಕ್ಸೆಲ್ ಎತ್ತರ ಬರುತ್ತದೆ, ಇಷ್ಟು ಸಾಕು. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದರೆ ಲೆನ್ಸಿನ ಬಾಗಿನಿಂದ ಹಾಳೆಯ ಅಂಚಿನ ಅಕ್ಷರಗಳು ಸೊಟ್ಟಗಾಗುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಒಂದು ಮೀಟರ್ ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಆಮೇಲೆ ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ಬಿಡಿಸುವ ಉಚಿತ ತಂತ್ರಾಂಶ) ಚಿತ್ರವನ್ನು ಗೆರೆಗೆ ತಿರುಗಿಸುವ ಸೌಲಭ್ಯವಿದೆ. ಅದನ್ನು ಬಳಸಿದರೆ ಕಾಗದದ ಒರಟೆಲ್ಲ ಬಿಂದುಗಳಾಗಿ, ಒಂದು ರ ಅಕ್ಷರಕ್ಕೆ ಇನ್ನೂರು ಮುನ್ನೂರು ಬಿಂದು ಬಂದರೂ ಬಂತು. ಅಂಥ ಫಾಂಟನ್ನು ವಿನೈಲ್ ಕಟಿಂಗ್ ಪ್ಲಾಟರಿಗೆ ಕೊಟ್ಟರೆ ಬ್ಲೇಡು ಪ್ರತಿ ಬಿಂದುವಿನಲ್ಲೂ ತಡೆದು ತಡೆದು ನಡೆಯುತ್ತದೆ, ಅಂಚು ಗರಗಸದ ಹಾಗಾಗುತ್ತದೆ. ಸ್ಕ್ಯಾನನ್ನು ಹಿನ್ನೆಲೆಯಲ್ಲಿ ಇಟ್ಟು ಅದರ ಮೇಲೆ ಕೈಯಾರೆ ಗೆರೆ ಎಳೆಯುವುದೇ ಸರಿ. ದುಂಡಿನ ತುತ್ತತುದಿ, ತಳ, ಎಡ, ಬಲ ಹೀಗೆ ನಾಲ್ಕು ಕಡೆ ಬಿಂದು ಇಟ್ಟು, ಗೆರೆಯ ಬಾಗು ಹೊಂದಿಸುವ ಅವುಗಳ ಹಿಡಿಕೆಗಳನ್ನು ನೇರ ಅಡ್ಡ ಅಥವಾ ನೇರ ಉದ್ದ ಎಳೆಯಿರಿ. ರ ಅಕ್ಷರ ಇಪ್ಪತ್ತರ ಆಸುಪಾಸು ಬಿಂದುಗಳಲ್ಲಿ ಮುಗಿಯಬೇಕು.

ಇಲ್ಲಿ ಒಂದು ಕಠಿಣ ಆಯ್ಕೆ ಬರುತ್ತದೆ. ಕೈಬರಹದಲ್ಲಿ ಏನನ್ನು ಉಳಿಸಬೇಕು, ಏನನ್ನು ತೊಳೆಯಬೇಕು? ಬ್ರಷ್ ಊರಿದಲ್ಲಿ ಆಗುವ ಸಣ್ಣ ಉಬ್ಬು, ತಲೆಕಟ್ಟಿನ ಓರೆ, ಕೊಂಬು ಮುಗಿಯುವಾಗಿನ ಚೂಪು, ಇವು ನಿಮ್ಮ ಗುರುತು. ಉಳಿಸಿ. ಬಣ್ಣ ಜಿನುಗಿದ್ದು, ಕಾಗದದ ಒರಟು, ಕೈ ನಡುಗಿದ್ದು, ಇವನ್ನು ತೆಗೆಯಿರಿ. ಒಂದು ಗೋಡೆಯ ಮೇಲೆ ಒಮ್ಮೆ ಚೆಂದ ಕಾಣುವ ನಡುಕ, ಅದೇ ಅಕ್ಷರ ಒಂದು ಪುಟದಲ್ಲಿ ನಲವತ್ತು ಸಲ ಬಂದಾಗ ಕಲೆಯಂತೆ ಕಣ್ಣಿಗೆ ಚುಚ್ಚುತ್ತದೆ. ಜೀವಂತಿಕೆ ಬೇಕೆಂದರೆ ರ, ನ, ತ, ದ, ಲ, ಗ ಹೀಗೆ ಪದೇ ಪದೇ ಬರುವ ಅಕ್ಷರಗಳಿಗೆ ಎರಡೆರಡು ರೂಪ ಬರೆದು, ಹತ್ತಿರ ಹತ್ತಿರ ಬಂದಾಗ ಸರದಿಯಂತೆ ಬದಲಾಯಿಸುವ ನಿಯಮ ಹಾಕಬಹುದು. ಓಪನ್‌ಟೈಪ್ ಎಂಬ, ನಿಯಮಗಳನ್ನೂ ಒಳಗಿಟ್ಟುಕೊಳ್ಳುವ ಬಗೆಯ ಫಾಂಟುಗಳಲ್ಲಿ ಇದಕ್ಕೆ ಅವಕಾಶವಿದೆ. ಇದು ಕೊನೆಯ ಹಂತದ ಕೆಲಸ, ಈಗಲೇ ಕೈ ಹಾಕಬೇಡಿ.

ತಂತ್ರಾಂಶಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ. ಫಾಂಟ್‌ಫೋರ್ಜ್ ಉಚಿತ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಅಕ್ಷರದ ಚೌಕವನ್ನು 1000 ಘಟಕ ಎಂದು ಇಟ್ಟುಕೊಳ್ಳಿ. ಒಡಲು 0ರಿಂದ 520ರವರೆಗೆ, ತಲೆಕಟ್ಟಿನ ನೆತ್ತಿ 640, ಗುಡಿಸಿನ ನೆತ್ತಿ 750, ಒತ್ತುಗಳು ಮೈನಸ್ 60ರಿಂದ ಮೈನಸ್ 380ರವರೆಗೆ. ಹೊರಡಲು ಈ ಅಂಕಿ ಸಾಕು, ನಿಮ್ಮ ಬರಹಕ್ಕೆ ತಕ್ಕಂತೆ ಆಮೇಲೆ ಹೊಂದಿಸಿ. ಸಾಲಿನ ಅಳತೆಯಲ್ಲಿ ಮೇಲೆ 800, ಕೆಳಗೆ 420 ಕೊಡಿ. ಇಂಗ್ಲಿಷ್ ಫಾಂಟಿನ ಅಳತೆಯನ್ನೇ ಹಾಗೇ ಬಿಟ್ಟರೆ ವಿಂಡೋಸಿನಲ್ಲಿ ಒತ್ತಿನ ತಳ ಕತ್ತರಿಸಿಹೋಗುತ್ತದೆ, ಎರಡು ಸಾಲಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸನ್ನು ಗುದ್ದುತ್ತದೆ.

ಒತ್ತುಗಳಿಗೆ ಹೆಚ್ಚು ಹೊತ್ತು ಕೊಡಿ. ಹೆಚ್ಚಿನವು ಮೂಲ ಅಕ್ಷರದ್ದೇ ತಲೆಕಟ್ಟಿಲ್ಲದ ಕಿರಿರೂಪ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆಯೇ ಆಕಾರ. ಮೂಲ ಅಕ್ಷರವನ್ನು ಅಳತೆ ಕುಗ್ಗಿಸಿ ಒತ್ತು ಮಾಡಿದರೆ ಗೆರೆಯೂ ತೆಳುವಾಗಿ ಬಡಕಲಾಗಿ ಕಾಣುತ್ತದೆ. ಆಕಾರ ನೂರರಲ್ಲಿ ಅರವತ್ತು ಭಾಗಕ್ಕಿಳಿದರೂ ಗೆರೆ ಎಂಬತ್ತು ಭಾಗಕ್ಕಿಂತ ತೆಳುವಾಗಬಾರದು. ಚಿಕ್ಕ ಬ್ರಷ್ಷಿನಲ್ಲಿ ಮತ್ತೆ ಬರೆದುಬಿಡುವುದು ಇದಕ್ಕೆ ನೇರ ದಾರಿ.

ಆಮೇಲೆ ಜಾಗದ ಪ್ರಶ್ನೆ. ಒತ್ತಿಗೆ ಸ್ವಂತ ಅಗಲ ಕೊಡದಿದ್ದರೆ "ದೊಡ್ಡಣ್ಣ" ಬರೆದಾಗ ಡ ಒತ್ತು, ಣ ಒತ್ತು ಒಂದರ ಮೇಲೊಂದು ಬೀಳುತ್ತವೆ. ಪೂರ್ತಿ ಅಗಲ ಕೊಟ್ಟರೆ ಪದದ ಮಧ್ಯೆ ಹಲ್ಲು ಬಿದ್ದಂತೆ ಖಾಲಿ ಕಾಣುತ್ತದೆ. ಒತ್ತು 350 ಘಟಕ ಅಗಲವಿದೆ ಅಂದುಕೊಳ್ಳಿ. ಅದರ 200 ಘಟಕ ಮೂಲ ಅಕ್ಷರದ ಕೆಳಗೆ ಸರಿದು ಕೂರಲಿ, ಹೊರಚಾಚುವ 150 ಮಾತ್ರ ಅಗಲವಾಗಿ ಲೆಕ್ಕಕ್ಕೆ ಬರಲಿ. ಮುಂದಿನ ಅಕ್ಷರಕ್ಕೂ ಒತ್ತಿದ್ದರೆ ಇನ್ನಷ್ಟು ಸರಿ ಎಂಬ ನಿಯಮವನ್ನು ಬೇರೆ ಹಾಕಿ. ಬೋರ್ಡಿನ ಮೇಲೆ ಕಣ್ಣಳತೆಯಲ್ಲಿ ಮಾಡುತ್ತಿದ್ದ ಹೊಂದಾಣಿಕೆಯೇ ಇದು, ಇಲ್ಲಿ ಅಂಕಿಯಾಗಿ ಬರೆದಿಡಬೇಕು.

ಮಗಳು ಬರೆಯಬೇಕಾದ ನಿಯಮಗಳ ಕ್ರಮ ಹೀಗಿದೆ. ಮೊದಲು ಕ್ಷ ಮತ್ತು ಜ್ಞ, ಏಕೆಂದರೆ ಇವು ಬಿಡಿಸಲಾಗದ ಜೋಡಿ. ಈ ನಿಯಮ ಇಲ್ಲದಿದ್ದರೆ ಕ ಕೆಳಗೆ ಷ ಒತ್ತು ಬಂದು ಕೂರುತ್ತದೆ. ಆಮೇಲೆ ಅರ್ಕಾವೊತ್ತು. "ಸರ್ಕಾರ" ಎಂದು ಟೈಪ್ ಮಾಡುವಾಗ ರ ಮತ್ತು ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ) ಮೊದಲು ಬರುತ್ತವೆ, ಚಿಹ್ನೆ ಮಾತ್ರ ಕಾ ಆದ ಮೇಲೆ ಕೂರಬೇಕು. ಆ ಸ್ಥಾನಪಲ್ಲಟವನ್ನು ಕಂಪ್ಯೂಟರೇ ಮಾಡುತ್ತದೆ, ಆಕಾರ ನೀವು ಕೊಡಬೇಕು. ಅರ್ಕಾವೊತ್ತು ಕನ್ನಡದ ೯ ಅಂಕಿಯಂತೆ, ಅನುಸ್ವಾರ ೦ ಅಂಕಿಯಂತೆ ಕಾಣುವುದರಿಂದ ಗಾತ್ರದಲ್ಲಾದರೂ ವ್ಯತ್ಯಾಸ ಇಡಿ. ಮೂರನೆಯದು ಒತ್ತುಗಳು. ಕನ್ನಡಕ್ಕೆ ಓಪನ್‌ಟೈಪಿನಲ್ಲಿ ಹಳೆಯದು, ಹೊಸದು ಎಂದು ಎರಡು ಲಿಪಿಗುರುತುಗಳಿವೆ. ಹೊಸದರಲ್ಲಿ ನಿಯಮವನ್ನು ವಿರಾಮ ಮೊದಲು, ವ್ಯಂಜನ ಆಮೇಲೆ ಎಂದು ಬರೆಯಬೇಕು, ಹಳೆಯದರಲ್ಲಿ ತಿರುಗುಮುರುಗು. ಇದು ಅದಲುಬದಲಾದರೆ ಒತ್ತು ಮೂಡದೆ "ಅಕ್ಕ" ಇರಬೇಕಾದಲ್ಲಿ "ಅಕ್‌ಕ" ಎಂದು ಕಾಣುತ್ತದೆ. ಮೊದಲ ಸಲ ಫಾಂಟ್ ಮಾಡುವವರಿಗೆ ಅತಿ ಹೆಚ್ಚು ತಲೆನೋವು ಕೊಡುವ ತಪ್ಪು ಇದೇ ಇರಬೇಕು. ಕೊನೆಗೆ ಗುಡಿಸು, ಏತ್ವ, ಕೊಂಬಿನ ರೂಪಬದಲಾವಣೆ ಮತ್ತು ಅರ್ಧಾಕ್ಷರ.

ಕಣ್ಣಿಗೆ ಕಾಣದ ಎರಡು ಚಿಹ್ನೆಗಳನ್ನು ಮರೆಯಬೇಡಿ. "ರಾಜ್‌ಕುಮಾರ್" ಎಂದು ಬರಬೇಕಾದರೆ ಜ್ ಆದ ಮೇಲೆ ಜೋಡಣೆ ತಡೆಯುವ ಚಿಹ್ನೆ ಹಾಕಬೇಕು, ಇಲ್ಲದಿದ್ದರೆ "ರಾಜ್ಕುಮಾರ್" ಆಗುತ್ತದೆ. "ರ‍್ಯಾಲಿ" ಬರೆಯಲು ರ ಆದ ತಕ್ಷಣ ಜೋಡಿಸುವ ಚಿಹ್ನೆ ಬೇಕು, ಇಲ್ಲದಿದ್ದರೆ ಅರ್ಕಾವೊತ್ತು ಬಂದು "ರ್ಯಾಲಿ" ಆಗುತ್ತದೆ. ಫಾಂಟಿನಲ್ಲಿ ಈ ಎರಡಕ್ಕೂ ಅಗಲವಿಲ್ಲದ ಖಾಲಿ ಆಕಾರ ಇರಬೇಕು. ಇರದಿದ್ದರೆ ಕೆಲವು ಕಡೆ ಪದದ ಮಧ್ಯೆ ಚೌಕಡಬ್ಬಿ ಕಾಣಿಸಿಕೊಳ್ಳುತ್ತದೆ.

ಪರೀಕ್ಷೆಗೆ ಊರಿನ ಹೆಸರುಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ರಾಷ್ಟ್ರೀಯ ವಿದ್ಯಾಲಯ ರಸ್ತೆ, ಕೃಷ್ಣರಾಜ ಮಾರುಕಟ್ಟೆ, ಸ್ವಾತಂತ್ರ್ಯ ಉದ್ಯಾನ, ಚಿಕ್ಕಪೇಟೆ, ಬೆಳ್ಳಂದೂರು, ದೊಡ್ಡಬಳ್ಳಾಪುರ. ಜೊತೆಗೆ ಲಕ್ಷ್ಮಿ, ವಿಸ್ತೃತ, ಕರ್ತೃ, ಅರ್ಘ್ಯ, ವೈಶಿಷ್ಟ್ಯ, ಸ್ತ್ರೀ. "ವಿಸ್ತೃತ" ಪದದಲ್ಲಿ ತ ಒತ್ತು ಮತ್ತು ವಟ್ರಸುಳಿ ಎರಡೂ ಒಂದೇ ಜಾಗಕ್ಕೆ ಬರುತ್ತವೆ. ಅಲ್ಲಿ ಡಿಕ್ಕಿಯಾಗದಿದ್ದರೆ ಮಿಕ್ಕಿದ್ದೂ ಬಹುತೇಕ ಸರಿಯಿರುತ್ತದೆ. ಪರದೆಯ ಮೇಲೆ ನೋಡಿ ಬಿಡಬೇಡಿ. ಒಂದೇ ಪದವನ್ನು 10 ಪಾಯಿಂಟ್, 24 ಪಾಯಿಂಟ್, ಎ3 ಹಾಳೆ ತುಂಬುವಷ್ಟು, ಹೀಗೆ ಮೂರು ಗಾತ್ರದಲ್ಲಿ ಅಚ್ಚು ಹಾಕಿಸಿ. ದೊಡ್ಡದನ್ನು ಗೋಡೆಗೆ ಅಂಟಿಸಿ ರಸ್ತೆಯ ಆಚೆ ಬದಿಯಿಂದ ನೋಡಿ. ದೂರದಿಂದ ಓದಿಸುವ ವಿಷಯದಲ್ಲಿ ಪರದೆ ಹೇಳಲಾರದ್ದನ್ನು ನಿಮ್ಮ ಕಣ್ಣು ಹೇಳುತ್ತದೆ. ಎಲ್ಲೋ ಸಿಕ್ಕಿಹಾಕಿಕೊಂಡಿರೆಂದರೆ ಅಕಾಯ ಕನಡಕ, ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸೆರಿಫ್ ಕನ್ನಡ ಇವುಗಳನ್ನು ಫಾಂಟ್‌ಫೋರ್ಜ್‌ನಲ್ಲಿ ತೆರೆದು ನೋಡಿ. ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು. ಒತ್ತನ್ನು ಎಲ್ಲಿ ಕೂರಿಸಿದ್ದಾರೆ, ಕೊಂಬಿಗೆ ಎಷ್ಟು ರೂಪ ಕೊಟ್ಟಿದ್ದಾರೆ ಎಂದು ನೋಡಿ ಕಲಿಯಲು ಅಡ್ಡಿಯಿಲ್ಲ.

ಇನ್ನು ಎಐ. ಚಿತ್ರ ಬಿಡಿಸುವ ಎಐಗೆ ಅಕ್ಷರ ಎಂದರೂ ಒಂದು ಚಿತ್ತಾರವೇ. ಲಕ್ಷಾಂತರ ಚಿತ್ರಗಳಲ್ಲಿ ಎಂಥ ಗೆರೆಯ ಪಕ್ಕ ಎಂಥ ಗೆರೆ ಬರುತ್ತದೆ ಎಂಬ ಅಂದಾಜಿನ ಮೇಲೆ ಅದು ಬಿಡಿಸುತ್ತದೆ. ಕನ್ನಡ ಬರಹವಿರುವ ಚಿತ್ರಗಳು ಅದರ ಕಲಿಕೆಯಲ್ಲಿ ಇಂಗ್ಲಿಷಿಗೆ ಹೋಲಿಸಿದರೆ ತೀರಾ ಕಡಿಮೆ. ಸಾಲದ್ದಕ್ಕೆ ತೆಲುಗಿನ ಆಕಾರಗಳು ನಮ್ಮವಕ್ಕೆ ಹತ್ತಿರ, ಎರಡೂ ಬೆರೆತುಹೋಗುತ್ತವೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ ಎಂದು ಆರು ಸಂಕೇತ. ಈ ತುಂಡುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಆಕಾರ ಮಾಡುವ ನಿಯಮ ಫಾಂಟಿನಲ್ಲಿರುತ್ತದೆ, ಚಿತ್ರದ ಎಐಯಲ್ಲಿ ಇರುವುದಿಲ್ಲ. ಹಾಗಾಗಿ ಒತ್ತು ಹಾರಿಹೋಗುತ್ತದೆ, ಏತ್ವ ಗುಡಿಸಾಗುತ್ತದೆ. ಹೊಸ ಹೊಸ ಮಾದರಿಗಳಲ್ಲಿ ಒಂದೆರಡು ಪದ ಸರಿಯಾಗಿ ಬರಲೂಬಹುದು. ಬಂದರೂ ಸಿಗುವುದು ಚಿತ್ರ. ಅದರ ಕ ಅಕ್ಷರಕ್ಕೂ ಮುಂದಿನ ಚಿತ್ರದ ಕ ಅಕ್ಷರಕ್ಕೂ ಸಂಬಂಧವಿರುವುದಿಲ್ಲ.

ನಾಲ್ಕು ಅಕ್ಷರ ತೋರಿಸಿ ಉಳಿದದ್ದನ್ನು ಬರೆಸುವ ಯೋಚನೆ ಬಿಡಿ. ರ, ಗ ತೋರಿಸಿದರೆ ನಿಮ್ಮ ಗೆರೆಯ ದಪ್ಪವನ್ನು ಅದು ಊಹಿಸೀತು. ನೀವು ಳ ಸುಳಿಯನ್ನು ಎಷ್ಟು ಬಿಗಿಯುತ್ತೀರಿ ಎಂಬುದು ರ ಒಳಗೆ ಎಲ್ಲಿಯೂ ಬರೆದಿಲ್ಲ. ಅಲ್ಲಿ ಅದು ಎಲ್ಲರ ಸರಾಸರಿಯನ್ನು ತಂದು ಕೂರಿಸುತ್ತದೆ. ನಿಮ್ಮ ಫಾಂಟ್ ಬೇಕೆಂದು ಯಾರಾದರೂ ಬಂದರೆ ಅವರು ಬರುವುದು ಆ ಸುಳಿಗಾಗಿಯೇ.

ಎಐಯಿಂದ ಕೆಲಸ ತೆಗೆದುಕೊಳ್ಳಬೇಕಾದ ಜಾಗ ಬೇರೆ. 34 ವ್ಯಂಜನಕ್ಕೆ 34 ಒತ್ತು ಹಾಕಿದರೆ 1,156 ಜೋಡಿ. ಅವುಗಳ ಪಟ್ಟಿ, ಜೊತೆಗೆ ಬಳಕೆಯಲ್ಲಿರುವ ಪದಗಳ ಉದಾಹರಣೆ ಕೇಳಿ. ಫಾಂಟ್‌ಫೋರ್ಜ್ ಪೈಥಾನ್ ಭಾಷೆಯಲ್ಲಿ ಆಜ್ಞೆ ಸ್ವೀಕರಿಸುತ್ತದೆ. ಎಲ್ಲ ಒತ್ತುಗಳನ್ನು ಒಟ್ಟಿಗೆ ಹತ್ತು ಘಟಕ ಕೆಳಗಿಳಿಸುವಂಥ ಸಣ್ಣ ಪ್ರೋಗ್ರಾಮ್ ಬರೆಸಿಕೊಳ್ಳಿ. ನಿಯಮಗಳ ಮೊದಲ ಕರಡೂ ಅದರಿಂದ ಬರಲಿ, ಆದರೆ ಮೇಲೆ ಹೇಳಿದ ವಿರಾಮದ ಕ್ರಮವನ್ನು ಮಗಳು ಕೈಯಾರೆ ತಾಳೆ ನೋಡಲೇಬೇಕು. ಗಿರಾಕಿ ಎಐ ಚಿತ್ರ ತಂದರೆ ಬೈದು ಕಳಿಸಬೇಡಿ. ಬಣ್ಣ, ಹಿನ್ನೆಲೆ, ಅವರ ಮನಸ್ಸಿನಲ್ಲಿರುವ ಧಾಟಿ ಅದರಿಂದ ತಿಳಿಯುತ್ತದೆ. ಅಕ್ಷರ ಮಾತ್ರ ನಿಮ್ಮದಿರಲಿ, ಕಾಗುಣಿತವನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ.

ಕೆಲಸದ ಮಾರುಕಟ್ಟೆ ಹೇಗಿದೆ ಎಂದರೆ, ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ ಕನ್ನಡ ಬೋರ್ಡಿಗೆ ಬೇಡಿಕೆ ಇದೆ. ಆದರೆ ಹೆಚ್ಚಿನವರು ಇಂಗ್ಲಿಷ್ ಲೋಗೋ ಪಕ್ಕ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಫಾಂಟನ್ನು ಅಗಲಕ್ಕೆ ಎಳೆದು ತುಂಬಿಸುತ್ತಾರೆ. ಅಗಲಕ್ಕೆ ಎಳೆದರೆ ಉದ್ದಗೆರೆ ದಪ್ಪಗಾಗಿ ಅಡ್ಡಗೆರೆ ಮೊದಲಿನಷ್ಟೇ ಉಳಿಯುತ್ತದೆ, ದುಂಡು ಚಪ್ಪಟೆಯಾಗುತ್ತದೆ. ಇಂಗ್ಲಿಷ್ ಅಕ್ಷರದ ತುಂಡುಗಳನ್ನು ಕತ್ತರಿಸಿ ಕನ್ನಡ ಕಟ್ಟುವವರೂ ಇದ್ದಾರೆ, ಓದಲಾಗುವುದಿಲ್ಲ. ಇಂಗ್ಲಿಷ್ ಲೋಗೋದ ಗೆರೆದಪ್ಪ, ಅಂಚಿನ ಗುಣ, ತೂಕ ನೋಡಿಕೊಂಡು, ಆಕಾರವನ್ನು ಮಾತ್ರ ಕನ್ನಡದ್ದೇ ಆಗಿ ಬರೆದುಕೊಡುವವರು ಬೇಕಾಗಿದ್ದಾರೆ. ಇದು ಫಾಂಟ್ ಮಾಡುವ ಕೆಲಸವಲ್ಲ, ನೀವು ಈಗ ಮಾಡುತ್ತಿರುವ ಕೆಲಸವೇ. ಕೈಗೆ ಕೆಲಸ ಉಳಿಯುತ್ತದೆಯೇ ಎಂದು ಕೇಳಿದಿರಿ. ಉಳಿಯುತ್ತದೆ, ಅದು ಇರುವುದು ಇಲ್ಲಿ.

ಫಾಂಟ್ ತಯಾರಾದ ಮೇಲೆ ಫ್ಲೆಕ್ಸ್ ಅಂಗಡಿಯವರು "ಇದು ನಮ್ಮಲ್ಲಿ ಒಡೆದು ಬರುತ್ತೆ" ಅನ್ನುವುದು ಖಂಡಿತ. ಬಹಳಷ್ಟು ಕಡೆ ಹಳೆಯ ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾ, ನುಡಿ ತಂತ್ರಾಂಶದ ಆಸ್ಕಿ ಫಾಂಟುಗಳೇ ನಡೆಯುತ್ತಿವೆ. ಹಳೆಯ ಆವೃತ್ತಿಗಳಿಗೆ ಕನ್ನಡ ಯೂನಿಕೋಡ್ ಜೋಡಿಸಲು ಬರುವುದಿಲ್ಲ. ಫೋಟೋಶಾಪಿನ ಕೆಲವು ಆವೃತ್ತಿಗಳಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ "ವರ್ಲ್ಡ್-ರೆಡಿ ಲೇಔಟ್" ಆರಿಸಬೇಕು, ಇಲಸ್ಟ್ರೇಟರ್ ಆದರೆ "ಶೋ ಇಂಡಿಕ್ ಆಪ್ಷನ್ಸ್" ಟಿಕ್ ಮಾಡಬೇಕು. ಇಂಕ್‌ಸ್ಕೇಪ್‌ನಲ್ಲಿ ಏನೂ ಮಾಡಬೇಕಿಲ್ಲ. ಸುಲಭದ ದಾರಿ, ನೀವೇ ಇಂಕ್‌ಸ್ಕೇಪ್‌ನಲ್ಲಿ ಪದ ಟೈಪ್ ಮಾಡಿ ಕರ್ವ್‌ಗೆ ಬದಲಿಸಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಿ, ಪಿಡಿಎಫ್ ಕೊಡುವುದು. ಅಕ್ರಿಲಿಕ್ ಅಕ್ಷರ ಕತ್ತರಿಸುವ ಕಡೆ ಇನ್ನೊಂದು ಎಚ್ಚರಿಕೆ ಬೇಕು. ಒತ್ತುಗಳು, ಠ ಮತ್ತು ಥ ಒಳಗಿನ ಚುಕ್ಕೆಗಳು ಬಿಡಿ ತುಂಡಾಗಿ ಬರುತ್ತವೆ. ಕೂರಿಸುವವರಿಗೆ ಕನ್ನಡ ಬರದಿದ್ದರೆ ಒತ್ತು ತಲೆಕೆಳಗಾಗುವುದು ಇಲ್ಲೇ. ನಿಜ ಅಳತೆಯ ಕಾಗದದ ನಕ್ಷೆಯನ್ನು ಜೊತೆಗೆ ಕೊಟ್ಟು, ಅದರ ಮೇಲಿಟ್ಟು ಅಂಟಿಸಲು ಹೇಳಿ.

ಪರವಾನಗಿಯನ್ನು ಮೊದಲೇ ತೀರ್ಮಾನಿಸಿ. ಸಿಲ್ ಓಪನ್ ಫಾಂಟ್ ಲೈಸೆನ್ಸ್ ಅಡಿ ಬಿಟ್ಟರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಫಾಂಟನ್ನು ಒಂಟಿಯಾಗಿ ಮಾರುವಂತಿಲ್ಲ. ಹೆಸರನ್ನು ಕಾಯ್ದಿರಿಸಿದರೆ ತಿದ್ದಿದವರು ಬೇರೆ ಹೆಸರಿಡಬೇಕಾಗುತ್ತದೆ. ದುಡ್ಡಿಗೆ ಮಾರುವುದಾದರೆ ಒಂದು ಬೋರ್ಡಿನ ಪದಕ್ಕೆ, ಒಂದು ಸಂಸ್ಥೆಯ ಪೂರ್ತಿ ಬಳಕೆಗೆ, ಫಾಂಟ್ ಫೈಲಿಗೆ ಬೇರೆ ಬೇರೆ ದರ ಇಟ್ಟು ಕಾಗದದ ಮೇಲೆ ಬರೆದುಕೊಳ್ಳಿ. ಪದ ಬರೆದುಕೊಟ್ಟ ಮಾತ್ರಕ್ಕೆ ಫೈಲನ್ನೂ ಕೊಡಬೇಕೆಂದಿಲ್ಲ.

ಫಾಂಟ್ ಹೊರಬಿದ್ದ ಮೇಲೂ ತಪ್ಪುಗಳು ಸಿಗುತ್ತಲೇ ಇರುತ್ತವೆ. ಪ್ರತಿ ತಿದ್ದುಪಡಿಗೂ 1.000, 1.001 ಎಂದು ಆವೃತ್ತಿ ಸಂಖ್ಯೆ ಏರಿಸಿ, ಹಳೆಯ ಫೈಲುಗಳನ್ನೂ ಬ್ರಷ್ಷಿನ ಮೂಲ ಹಾಳೆಗಳನ್ನೂ ಇಟ್ಟುಕೊಳ್ಳಿ. ಆಕಾರ ತಿದ್ದಿ, ಹೊಸ ಜೋಡಿ ಸೇರಿಸಿ, ತೊಂದರೆಯಿಲ್ಲ. ಅಕ್ಷರದ ಅಗಲವನ್ನು ಮಾತ್ರ ಬದಲಾಯಿಸಬೇಡಿ. ಹಾಗೆ ಮಾಡಿದರೆ ಹಿಂದೆ ನಿಮ್ಮ ಫಾಂಟಿನಲ್ಲಿ ಮಾಡಿಟ್ಟ ಆಮಂತ್ರಣ, ಕರಪತ್ರಗಳ ಫೈಲು ತೆರೆದಾಗ ಸಾಲುಗಳು ಬೇರೆಲ್ಲೋ ಮುರಿಯುತ್ತವೆ. ಅಗಲ ಬದಲಿಸಲೇಬೇಕಾದರೆ ಅದನ್ನು 2.000 ಎಂದು, ಬೇರೆ ಹೆಸರಿನ ಫಾಂಟಾಗಿ ಬಿಡಿ.